ಮನೆಯ ಹಾಟ್ ಟಬ್‌ಗೆ ಕ್ಲೋರಿನ್ ಹಾಕಬೇಕೇ, ಬ್ರೋಮಿನ್ ಹಾಕಬೇಕೇ, ಓಝೋನ್ ಒಂದೇ ಸಾಕೇ?

ಪ್ರಶ್ನೆ: ನಮ್ಮ ಮನೆ ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿದೆ. ತಾಯಿಯವರ ಮಂಡಿನೋವಿಗೆ ಅನುಕೂಲವಾಗಲೆಂದು ತಾರಸಿಯ ಮೇಲೆ, ಶೀಟಿನ ಮಾಡಿನ ಕೆಳಗೆ, ನಾಲ್ಕು ಜನ ಕೂರುವ 1200 ಲೀಟರ್‌ನ ಅಕ್ರಿಲಿಕ್ ಹಾಟ್ ಟಬ್ ಹಾಕಿಸಿದ್ದೇವೆ. ಮಾರಿದವರು ‘ಓಝೋನ್ ಇದೆ, ಬೇರೇನೂ ಹಾಕಬೇಕಿಲ್ಲ’ ಎಂದರು. ಅಂಗಡಿಯವರು ಈಜುಕೊಳಕ್ಕೆ ಬಳಸುವ ಟಿಸಿಸಿಎ 90 ಮಾತ್ರೆಗಳ 5 ಕೆ.ಜಿ. ಡಬ್ಬ ಕೊಟ್ಟರು. ವಿದೇಶದಲ್ಲಿರುವ ತಮ್ಮ ಬ್ರೋಮಿನ್ ಒಳ್ಳೆಯದು ಎನ್ನುತ್ತಾನೆ. ನಮ್ಮಲ್ಲಿ ಕಾವೇರಿ ನೀರೂ ಇದೆ, ಬೋರ್ ನೀರೂ ಇದೆ. ತಾಯಿಗೆ 68 ವರ್ಷ, ಸ್ವಲ್ಪ ಉಬ್ಬಸವಿದೆ. ನಾಲ್ಕು ವರ್ಷದ ಮಗಳೂ ನೀರಿಗಿಳಿಯಲು ಹಟ ಮಾಡುತ್ತಾಳೆ. ನಾವು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ನಿಮ್ಮ ಮನೆಗೆ ನನ್ನ ಸಲಹೆ ಕ್ಲೋರಿನ್. ಆದರೆ ನಿಮ್ಮ ಕೈಯಲ್ಲಿರುವ ಡಬ್ಬದಲ್ಲಿನ ಕ್ಲೋರಿನ್ ಅಲ್ಲ. ಮೊದಲ ಒಂದು ವಾರ, ಹತ್ತು ದಿನ ಡೈಕ್ಲೋರ್ ಎಂಬ ಪುಡಿಯನ್ನೂ, ಅನಂತರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನೂ ಬಳಸಿ. ಓಝೋನ್ ಯಂತ್ರ ಅದಕ್ಕೆ ನೆರವಾಗಿ ಇರಲಿ. ಈ ಸಲಹೆಯ ಹಿಂದಿನ ಕಾರಣಗಳನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿಯದೆ ಪ್ರಮಾಣವನ್ನು ಮಾತ್ರ ಬರೆದುಕೊಂಡರೆ ನೀರಿನ ಸ್ಥಿತಿ ಬದಲಾದ ದಿನ ಏನು ಮಾಡಬೇಕೆಂದು ತೋಚುವುದಿಲ್ಲ.

ಬಿಸಿನೀರಿನಲ್ಲಿ ಕ್ರಿಮಿಗಳು ತಾವಾಗಿಯೇ ಸಾಯುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಹಂಡೆಯಲ್ಲಿ ಮರಳುವ ನೀರಿಗೆ ಅದು ನಿಜ. ಹಾಟ್ ಟಬ್‌ನ ನೀರು 38ರಿಂದ 40 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಮೈಯ ಬಿಸಿಗಿಂತ ತುಸು ಹೆಚ್ಚು; ಕ್ರಿಮಿಗಳಿಗೆ ಅದು ಹೆಪ್ಪು ಹಾಕಲು ಬೆಚ್ಚಗೆ ಮಾಡಿಟ್ಟ ಹಾಲಿನಂತೆ ಹಿತವಾದ ಜಾಗ. ಈ ನೀರಿನಲ್ಲಿ ಮುಖ್ಯವಾಗಿ ಎರಡು ಬ್ಯಾಕ್ಟೀರಿಯಾಗಳನ್ನು ಗಮನದಲ್ಲಿಡಬೇಕು. ಸ್ಯೂಡೊಮೋನಾಸ್ ಏರುಜಿನೋಸಾ ಎಂಬುದು ಕೂದಲಿನ ಬುಡಕ್ಕೆ ಸೋಂಕು ತಗುಲಿಸಿ, ವಿಶೇಷವಾಗಿ ಒದ್ದೆ ಬಟ್ಟೆ ಮೈಗಂಟಿದ್ದ ಜಾಗದಲ್ಲಿ, ತುರಿಸುವ ಕೆಂಪು ಗುಳ್ಳೆಗಳನ್ನು ಎಬ್ಬಿಸುತ್ತದೆ. ಬಹುಪಾಲು ಜನರಲ್ಲಿ ಅದು ಕೆಲವು ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಲೆಜಿಯೊನೆಲ್ಲಾ ಅಷ್ಟು ಸುಲಭದ್ದಲ್ಲ. ಜೆಟ್‌ಗಳು ನೀರನ್ನು ನೊರೆಯೆಬ್ಬಿಸುವಾಗ ಮೇಲೇಳುವ ಕಣ್ಣಿಗೆ ಕಾಣದ ತುಂತುರಿನೊಂದಿಗೆ ಅದು ಶ್ವಾಸಕೋಶ ಸೇರಿ ನ್ಯುಮೋನಿಯಾ ತರುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಮಾಜಿ ಯೋಧರ ಸಮಾವೇಶವೊಂದರಲ್ಲಿ ಹರಡಿದ ಕಾಯಿಲೆಯಿಂದ ಈ ಬ್ಯಾಕ್ಟೀರಿಯಾ ಮೊದಲು ಗುರುತಿಗೆ ಬಂತು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಎಂಬ ಊರಿನ ಪುಷ್ಪ ಪ್ರದರ್ಶನದಲ್ಲಿ ಮಾರಾಟಕ್ಕೆಂದು ನೀರು ತುಂಬಿ ಓಡಿಸುತ್ತಿದ್ದ ಹಾಟ್ ಟಬ್‌ನಿಂದ ಇದೇ ಸೋಂಕು ಹರಡಿ ಕನಿಷ್ಠ 30 ಜನ ತೀರಿಕೊಂಡರು. ಅವರಲ್ಲಿ ಬಹುಪಾಲು ಜನ ಟಬ್‌ನ ಬಳಿ ಸುಳಿದಾಡಿದವರೇ ಹೊರತು ಒಳಗಿಳಿದವರಲ್ಲ. 50 ದಾಟಿದವರಿಗೆ, ಶ್ವಾಸಕೋಶದ ತೊಂದರೆ ಇರುವವರಿಗೆ ಈ ಸೋಂಕಿನ ಅಪಾಯ ಹೆಚ್ಚು. ನಿಮ್ಮ ತಾಯಿಯವರು ಈ ಎರಡೂ ಗುಂಪಿಗೆ ಸೇರುತ್ತಾರೆ ಎಂಬುದನ್ನು ಹೆದರಿಸಲಿಕ್ಕಲ್ಲ, ಆಯ್ಕೆಯಲ್ಲಿ ಸಡಿಲ ಬಿಡಬಾರದೆಂದು ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ, ನೀರಿನ ಅಳತೆ. ನಿಮ್ಮ ಟಬ್‌ನಲ್ಲಿ ನಾಲ್ವರು ಕುಳಿತರೆ ತಲೆಗೆ 300 ಲೀಟರ್ ನೀರು ಸಿಗುತ್ತದೆ. ಒಂದು ಲಕ್ಷ ಲೀಟರ್‌ನ ಈಜುಕೊಳದಲ್ಲಿ ಅದೇ ದಟ್ಟಣೆ ಆಗಬೇಕಾದರೆ ಮುನ್ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಇಳಿಯಬೇಕು. ಬೆವರು, ಮೈಗೆ ಹಚ್ಚಿದ ಎಣ್ಣೆ, ಚರ್ಮದ ಹೊಟ್ಟು ಎಲ್ಲವೂ ಸೋಂಕುನಿವಾರಕವನ್ನು ತಿಂದುಹಾಕುತ್ತವೆ. ಆದ್ದರಿಂದ ಈಜುಕೊಳಕ್ಕೆ ಸರಿಹೋದದ್ದು ಟಬ್‌ಗೂ ಸರಿ ಎನ್ನುವ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ನಲ್ಲಿ ನೀರಿನಲ್ಲಿಯೇ ಕ್ಲೋರಿನ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಕೇಳುವ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ, ಹಾಟ್ ಟಬ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಕೇಳುವುದು ಕನಿಷ್ಠ 3 ಮಿಲಿಗ್ರಾಂ, ಅಂದರೆ 3 ಪಿಪಿಎಂ. ಬ್ರೋಮಿನ್ ಆದರೆ 4ರಿಂದ 8 ಪಿಪಿಎಂ. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆಯಾದ ಪಿಎಚ್ 7.0ರಿಂದ 7.8ರೊಳಗೆ ಇರಬೇಕು.

ಈಗ ಓಝೋನ್ ವಿಚಾರಕ್ಕೆ ಬರೋಣ. ಓಝೋನ್ ಬಲವಾದ ಉತ್ಕರ್ಷಕ, ಅದರಲ್ಲಿ ಸಂದೇಹವಿಲ್ಲ. ಅದು ತನ್ನ ಕೊಳವೆಯ ಮೂಲಕ ಹಾದುಹೋಗುವ ನೀರಿನ ಮೇಲೆ ಕೆಲಸ ಮಾಡಿ ಬೇಗನೆ ಒಡೆದುಹೋಗುತ್ತದೆ, ಟಬ್‌ನೊಳಗೆ ಉಳಿಯುವುದಿಲ್ಲ. ನಿಮ್ಮ ತಾಯಿಯವರು ಕುಳಿತ ಆಸನದ ಸುತ್ತಲಿನ ನೀರಿನಲ್ಲಿ, ಜೆಟ್‌ನ ಬಾಯಿಯ ಒಳಗೋಡೆಯಲ್ಲಿ, ಪಂಪು ನಿಂತಿರುವ ಹೊತ್ತಿನಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ. ಯುವಿ ದೀಪದ ಕಥೆಯೂ ಇದೇ. ಬೆಳ್ಳಿ, ತಾಮ್ರದ ‘ಮಿನರಲ್’ ಕಡ್ಡಿಗಳು ಕೆಲಸ ಮಾಡುತ್ತವೆ, ಆದರೆ ನಿಧಾನವಾಗಿ. ಮಿತವಾದ ನೆರವಷ್ಟೇ ಅವುಗಳಿಂದ ಸಿಗುವುದು. ಆಯ್ಕೆಯ ಮೊದಲ ಅಳತೆಗೋಲು ಇದು: ಹಾಕಿದ ವಸ್ತು ನೀರಿನಲ್ಲಿ ಉಳಿದಿರಬೇಕು, ಮತ್ತು ಎಷ್ಟು ಉಳಿದಿದೆ ಎಂಬುದನ್ನು ನೀವು ಮನೆಯಲ್ಲಿಯೇ ಅಳೆಯಲು ಸಾಧ್ಯವಾಗಬೇಕು. ಈ ಎರಡನ್ನೂ ಪೂರೈಸುವುದು ಮನೆಬಳಕೆಗೆ ಕ್ಲೋರಿನ್ ಮತ್ತು ಬ್ರೋಮಿನ್ ಮಾತ್ರ. ಉಪ್ಪಿನ ಯಂತ್ರಗಳನ್ನು ಪ್ರತ್ಯೇಕ ಬಗೆ ಎಂದು ಎಣಿಸಬೇಕಿಲ್ಲ, ಅವು ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರಗಳೇ. ಗಡಸು ನೀರಿನಲ್ಲಿ ಅವುಗಳ ತಗಡಿಗೆ ಸುಣ್ಣ ಕಟ್ಟುತ್ತದೆ.

ನಿಮ್ಮ ತಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ. ಬಿಸಿನೀರಿಗೆ ಬ್ರೋಮಿನ್ ಚೆನ್ನಾಗಿ ಒಗ್ಗುತ್ತದೆ. ಕ್ಲೋರಿನ್ ನೀರಿನಲ್ಲಿ ಕರಗಿದಾಗ ಕ್ರಿಮಿಗಳನ್ನು ಕೊಲ್ಲುವ ಭಾಗ ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5 ಇದ್ದಾಗ ಅದು ಸುಮಾರು ಅರ್ಧದಷ್ಟಿರುತ್ತದೆ, 8 ಆದಾಗ ನಾಲ್ಕನೇ ಒಂದು ಭಾಗಕ್ಕೂ ಇಳಿಯುತ್ತದೆ. ಜೆಟ್‌ಗಳು ಗಾಳಿ ಕಲಸಿದಂತೆಲ್ಲ ಟಬ್‌ನ ಪಿಎಚ್ ತಾನಾಗಿ ಏರುವುದರಿಂದ ಇದು ಬರೀ ಪುಸ್ತಕದ ಮಾತಲ್ಲ. ಬ್ರೋಮಿನ್ ಪಿಎಚ್ 8ರಲ್ಲಿಯೂ ತನ್ನ ಶಕ್ತಿಯ ಬಹುಪಾಲನ್ನು ಉಳಿಸಿಕೊಳ್ಳುತ್ತದೆ. ಬೆವರಿನ ಅಮೋನಿಯಾದೊಂದಿಗೆ ಸೇರಿ ಉಂಟಾಗುವ ಬ್ರೋಮಮೈನ್‌ಗಳೂ ಕ್ರಿಮಿಗಳ ವಿರುದ್ಧ ಕೆಲಸ ಮಾಡುತ್ತವೆ, ಮೂಗಿಗೆ ಅಷ್ಟು ಘಾಟು ಹೊಡೆಯುವುದಿಲ್ಲ. ಹಾಗಿದ್ದೂ ನಿಮಗೆ ಅದನ್ನು ಮೊದಲ ಆಯ್ಕೆಯಾಗಿ ಹೇಳದಿರಲು ಕಾರಣಗಳಿವೆ. ಬ್ರೋಮಿನ್ ನಮ್ಮ ಕಡೆ ಕ್ಲೋರಿನ್‌ನಷ್ಟು ಸುಲಭವಾಗಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ತರಿಸಿದ ಮಾತ್ರೆ ಬರುವುದು ತಡವಾದ ವಾರ ನೀರು ಕಾವಲಿಲ್ಲದೆ ಉಳಿಯುತ್ತದೆ. ಬಿಸಿಲಿಗೆ ಅದು ಬೇಗ ಕರಗುತ್ತದೆ, ಬಿಸಿಲಿನಲ್ಲಿ ಕ್ಲೋರಿನ್ ಒಡೆಯದಂತೆ ತಡೆಯುವ ಸಯನ್ಯೂರಿಕ್ ಆಮ್ಲ ಕ್ಲೋರಿನ್‌ಗೆ ಕೊಡುವ ಆಸರೆಯನ್ನು ಬ್ರೋಮಿನ್‌ಗೆ ಕೊಡುವುದಿಲ್ಲ. ಶೀಟಿನ ಮಾಡು ಇದ್ದರೂ ತಾರಸಿಯಲ್ಲಿ ಸಂಜೆಯ ಓರೆ ಬಿಸಿಲು ನೀರಿನ ಮೇಲೆ ಬೀಳುವುದು ತಪ್ಪುವುದಿಲ್ಲ. ಜೊತೆಗೆ, ಒಮ್ಮೆ ಬ್ರೋಮೈಡ್ (ಬ್ರೋಮಿನ್ ಬಳಸಿದ ನೀರಿನಲ್ಲಿ ಉಳಿಯುವ ಲವಣ) ಸೇರಿದ ನೀರಿಗೆ ಕ್ಲೋರಿನ್ ಹಾಕಿದರೂ ಅದು ಬ್ರೋಮಿನ್ ಆಗಿಯೇ ಮಾರ್ಪಡುತ್ತದೆ. ಮನಸ್ಸು ಬದಲಾದರೆ ನೀರನ್ನೆಲ್ಲ ಚೆಲ್ಲಿ ಹೊಸದಾಗಿ ತುಂಬಬೇಕು. ಟಬ್ ಮನೆಯೊಳಗೆ ಇದ್ದು, ವಾರಕ್ಕೊಮ್ಮೆ ಮಾತ್ರ ಬಳಸುವಂತಿದ್ದು, ಮಾತ್ರೆಗಳು ತಪ್ಪದೆ ದೊರೆಯುವ ವ್ಯವಸ್ಥೆಯಿದ್ದರೆ ಬ್ರೋಮಿನ್ ಎಂದೇ ಹೇಳುತ್ತಿದ್ದೆ.

ಬಿಗುವಾನೈಡ್ ಎಂಬ ಕ್ಲೋರಿನ್‌ರಹಿತ ದ್ರಾವಣವೂ ಇದೆ. ಅದು ಕ್ಲೋರಿನ್, ಬ್ರೋಮಿನ್ ಯಾವುದರೊಂದಿಗೂ ಕೂಡಿ ಬಾಳುವುದಿಲ್ಲ. ನಿಮಗೆ ಅದು ಬೇಡ.

ಇನ್ನು ಕ್ಲೋರಿನ್ನಿನಲ್ಲಿ ಯಾವ ರೂಪ ಎಂಬ ಪ್ರಶ್ನೆ. ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ನಿಮಗೆ ಕೊಟ್ಟಿರುವ ಟಿಸಿಸಿಎ 90, ಅಂದರೆ ಟ್ರೈಕ್ಲೋರ್, ನಿಧಾನವಾಗಿ ಕರಗುವ, ಬಹಳ ಆಮ್ಲೀಯವಾದ ವಸ್ತು. ಅದರ ದ್ರಾವಣದ ಪಿಎಚ್ ಸುಮಾರು 3. ದೊಡ್ಡ ಕೊಳದಲ್ಲಿ ಅದು ಹರಡಿ ತೆಳುವಾಗುತ್ತದೆ. ಟಬ್‌ನಲ್ಲಿ ಮಾತ್ರೆ ಬಿದ್ದ ಜಾಗದ ಅಕ್ರಿಲಿಕ್ ಬಣ್ಣಗೆಡುತ್ತದೆ, ಪಿಎಚ್ ಕುಸಿಯುತ್ತದೆ, ಹೀಟರಿನ ಲೋಹವನ್ನು ಅದು ಕೊರೆಯುತ್ತದೆ. ಬ್ಲೀಚಿಂಗ್ ಪೌಡರ್ ಸಂಪು, ಬಾವಿಗಳಿಗೆ ನಾವು ಬಳಸುತ್ತ ಬಂದದ್ದೇ ಆದರೂ ಅದರ ಸುಣ್ಣದ ಗಸಿ ಟಬ್‌ನ ಫಿಲ್ಟರನ್ನು ಕಟ್ಟಿಸುತ್ತದೆ. ಉಳಿದವು ಎರಡು. ಎಸ್‌ಡಿಐಸಿ ಎಂಬ ಹೆಸರಿನಲ್ಲಿ ಸಿಗುವ ಡೈಕ್ಲೋರ್ ಪುಡಿ ಬೇಗ ಕರಗುತ್ತದೆ, ಪಿಎಚ್ ಅನ್ನು ಹೆಚ್ಚು ಕದಲಿಸುವುದಿಲ್ಲ, ಹಾಕುವುದೂ ಸುಲಭ. ಅದರ ದೋಷ ಒಂದೇ: ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆಗೆ ಸುಮಾರು 9 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನೂ ನೀರಿಗೆ ಬಿಡುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಈ ಆಮ್ಲ ಖರ್ಚಾಗುವುದಿಲ್ಲ. ಅದು ಕೂಡಿಕೊಂಡಷ್ಟೂ ಕ್ಲೋರಿನ್ನಿನ ಕೈ ಕಟ್ಟಿದಂತಾಗುತ್ತದೆ. ಪರೀಕ್ಷೆಯಲ್ಲಿ 3 ಪಿಪಿಎಂ ತೋರಿಸಿದರೂ ಕ್ರಿಮಿ ಕೊಲ್ಲುವ ವೇಗ ಇಳಿದಿರುತ್ತದೆ. ಇದೇ ಕಾರಣಕ್ಕೆ ಸಿಡಿಸಿ ಹಾಟ್ ಟಬ್‌ಗಳಲ್ಲಿ ಸಯನ್ಯೂರಿಕ್ ಆಮ್ಲ ಬೇಡವೆನ್ನುತ್ತದೆ.

ಹಾಗಾದರೆ ನಾನೇಕೆ ಡೈಕ್ಲೋರ್‌ನಿಂದ ಆರಂಭಿಸಿ ಎನ್ನುತ್ತೇನೆ? ಆ ಆಮ್ಲ ಚೂರೂ ಇಲ್ಲದ ಬಿಸಿನೀರಿನಲ್ಲಿ, ಅದೂ ಬಯಲಿನ ಟಬ್‌ನಲ್ಲಿ, ಕ್ಲೋರಿನ್ ನಿಲ್ಲುವುದೇ ಕಷ್ಟ. ನೇರ ಬಿಸಿಲಿಗೆ ಒಡ್ಡಿದರೆ ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಹೊರಟುಹೋಗುತ್ತದೆ. ಸುಮಾರು 30 ಪಿಪಿಎಂ ಆಮ್ಲವಿದ್ದರೆ ಕ್ಲೋರಿನ್ ಸ್ವಲ್ಪ ಕಾಲ ನಿಂತು ಕೆಲಸ ಮಾಡುತ್ತದೆ. ದಿನಕ್ಕೆರಡು ಬಾರಿ ಅಳೆದು ಹಾಕುವ ಶಿಸ್ತು ನಿಮ್ಮ ಮನೆಯಲ್ಲಿದೆ, ಮುಚ್ಚಳ ಸದಾ ಹಾಕಿರುತ್ತದೆ ಎಂದಾದರೆ ಡೈಕ್ಲೋರ್ ಬಿಟ್ಟು ಮೊದಲ ದಿನದಿಂದಲೇ ಹೈಪೋಕ್ಲೋರೈಟ್ ಬಳಸುವುದು ಇನ್ನೂ ಒಳ್ಳೆಯದು. ಹಾಗಿಲ್ಲದಿದ್ದರೆ ಲೆಕ್ಕ ಹೀಗಿದೆ. 1200 ಲೀಟರಿಗೆ 1 ಪಿಪಿಎಂ ಎಂದರೆ 1.2 ಗ್ರಾಂ ಕ್ಲೋರಿನ್. ಡೈಕ್ಲೋರ್‌ನಲ್ಲಿ ಶೇ. 56ರಷ್ಟು ಕ್ಲೋರಿನ್ ಇರುವುದರಿಂದ 3 ಪಿಪಿಎಂ ಏರಿಸಲು ಸುಮಾರು 6.5 ಗ್ರಾಂ ಬೇಕು. ಚಮಚದ ಅಂದಾಜು ಬೇಡ, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಒಟ್ಟು 70 ಗ್ರಾಂ ಹಾಕುವ ಹೊತ್ತಿಗೆ ನೀರಿನಲ್ಲಿ ಸುಮಾರು 30 ಪಿಪಿಎಂ ಸಯನ್ಯೂರಿಕ್ ಆಮ್ಲ ಸೇರಿರುತ್ತದೆ. ಅಲ್ಲಿಗೆ ಪುಡಿಯ ಡಬ್ಬ ಮುಚ್ಚಿ ದ್ರಾವಣಕ್ಕೆ ಬನ್ನಿ. ದಿನಕ್ಕೆ 10 ಗ್ರಾಂನಂತೆ ತಿಂಗಳಿಡೀ ಅದನ್ನೇ ಹಾಕುತ್ತಿದ್ದರೆ ಆಮ್ಲ 120 ಪಿಪಿಎಂ ದಾಟಿಬಿಡುತ್ತದೆ, ಆಮೇಲೆ ನೀರು ಬದಲಾಯಿಸದೆ ದಾರಿಯಿಲ್ಲ.

ಹೈಪೋ ಎಂದು ಅಂಗಡಿಯಲ್ಲಿ ಕರೆಯುವ ಸೋಡಿಯಂ ಹೈಪೋಕ್ಲೋರೈಟ್ ಶೇ. 10ರ ಶಕ್ತಿಯದಾದರೆ 3 ಪಿಪಿಎಂಗೆ 36 ಮಿಲಿಲೀಟರ್ ಸಾಕು. ಸುವಾಸನೆ ಸೇರಿಸಿದ, ಮಂದವಾಗಿಸಿದ ನೆಲ ಒರೆಸುವ ಬಾಟಲಿಗಳು ಇದಕ್ಕೆ ಆಗುವುದಿಲ್ಲ. ಈ ದ್ರಾವಣ ಬಿಸಿಗೆ, ಬೆಳಕಿಗೆ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ತಾರಸಿಯ ಮೆಟ್ಟಿಲ ಕೋಣೆಯಲ್ಲಿಟ್ಟ ಕ್ಯಾನು ಚೀಟಿಯಲ್ಲಿ ಬರೆದಷ್ಟು ಬಲದ್ದಾಗಿ ಉಳಿದಿರುವುದಿಲ್ಲ. ಸಣ್ಣ ಕ್ಯಾನುಗಳಲ್ಲಿ ತಿಂಗಳಿಗಾಗುವಷ್ಟೇ ತನ್ನಿ, ತಯಾರಾದ ದಿನಾಂಕ ನೋಡಿ ತನ್ನಿ, ಕೆಳಗಿನ ಮನೆಯ ತಂಪು ಮೂಲೆಯಲ್ಲಿ ಇಡಿ. ಹಾಕಿದ ಮೇಲೆ ಅಳೆದು ನೋಡಿದರೆ ಅದರ ನಿಜವಾದ ಬಲ ತಾನಾಗಿ ತಿಳಿಯುತ್ತದೆ.

ಅಳೆಯುವ ವಿಷಯದಲ್ಲಿ ಕಳೆದ ವರ್ಷ ಶ್ರೀರಂಗಪಟ್ಟಣದ ಬಳಿಯ ತೋಟದ ಮನೆಯೊಂದರಲ್ಲಿ ಕಂಡದ್ದನ್ನು ಹೇಳಬೇಕು. ಮನೆಯವರಿಗೆ ಮೈಮೇಲೆ ಗುಳ್ಳೆಗಳೆದ್ದಿದ್ದವು. ಯಜಮಾನರು ‘ಕ್ಲೋರಿನ್ ಜಾಸ್ತಿಯಾಗಿದೆ ಸಾರ್, ವಾಸನೆ ನೋಡಿ’ ಎಂದರು. ಟಬ್‌ನ ಮುಚ್ಚಳ ಸರಿಸಿದರೆ ಕಣ್ಣು ಉರಿಯುವಷ್ಟು ಘಾಟು. ಅವರ ಬಳಿಯಿದ್ದ, ಕ್ಲೋರಿನ್ ಅಳೆಯುವ ಒಟಿಒ ಹನಿಗಳನ್ನು ಗಾಜಿನ ನಳಿಕೆಗೆ ಬಿಟ್ಟರೆ ನೀರು ಅರಿಸಿನ ಕದಡಿದಂತೆ ಗಾಢ ಹಳದಿಯಾಯಿತು. ಅದೇ ನೀರನ್ನು ಇನ್ನೊಂದು ನಳಿಕೆಗೆ ತೆಗೆದುಕೊಂಡು ಡಿಪಿಡಿ 1 ಮಾತ್ರೆ ಹಾಕಿದೆ. ಕ್ರಿಮಿ ಕೊಲ್ಲಬಲ್ಲ ಕ್ಲೋರಿನ್ ಇದ್ದಿದ್ದರೆ ಗುಲಾಬಿ ಬಣ್ಣ ಬರಬೇಕಿತ್ತು, ನೀರು ತಿಳಿಯಾಗಿಯೇ ಉಳಿಯಿತು. ಅದರ ಮೇಲೆ ಡಿಪಿಡಿ 3 ಮಾತ್ರೆ ಹಾಕಿದ ಒಂದೆರಡು ನಿಮಿಷಕ್ಕೆ ಕಡು ಗುಲಾಬಿ ಏರಿತು. ಅರ್ಥವಿಷ್ಟೇ: ಅಲ್ಲಿದ್ದದ್ದೆಲ್ಲ ಬೆವರಿನೊಂದಿಗೆ ಸೇರಿ ಸತ್ವ ಕಳೆದುಕೊಂಡ ಸಂಯುಕ್ತ ಕ್ಲೋರಿನ್, ಕ್ರಿಮಿ ಕೊಲ್ಲಬಲ್ಲ ಮುಕ್ತ ಕ್ಲೋರಿನ್ ಇರಲೇ ಇಲ್ಲ. ಘಾಟು ಬಂದದ್ದು ಕ್ಲೋರಿನ್ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಒಟಿಒ ಹನಿಗಳು ಎರಡನ್ನೂ ಸೇರಿಸಿ ತೋರಿಸುವುದರಿಂದ ಆ ಮನೆಯವರು ವಾರಗಟ್ಟಲೆ ಮೋಸ ಹೋಗಿದ್ದರು. ನಿಮ್ಮ ತಾಯಿಯವರ ಉಬ್ಬಸಕ್ಕೆ ತೊಂದರೆ ಕೊಡುವುದೂ ಮುಖ್ಯವಾಗಿ ಈ ಸಂಯುಕ್ತ ಕ್ಲೋರಿನ್ನಿನ ಹಬೆಯೇ. ಆದ್ದರಿಂದ ಡಿಪಿಡಿ ಕಿಟ್ ಕೊಳ್ಳಿ. ಸೋಂಕುನಿವಾರಕಕ್ಕೆ ಖರ್ಚು ಮಾಡುವ ಮೊದಲು ಇದಕ್ಕೆ ಖರ್ಚು ಮಾಡಿ. ಒಂದು ಎಚ್ಚರಿಕೆ: ಕ್ಲೋರಿನ್ ಅತಿಯಾಗಿದ್ದರೂ ಡಿಪಿಡಿಯ ಬಣ್ಣ ಬಿಳಿಚಿಕೊಂಡು ಸೊನ್ನೆಯಂತೆ ಕಾಣಬಹುದು. ಅನುಮಾನ ಬಂದರೆ ಮಾದರಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರು ಬೆರೆಸಿ ಮತ್ತೊಮ್ಮೆ ನೋಡಿ.

ದಿನಚರಿ ಹೀಗಿರಲಿ. ಇಳಿಯುವ ಮೊದಲು ಅಳೆಯಿರಿ. ಮುಕ್ತ ಕ್ಲೋರಿನ್ 3 ಪಿಪಿಎಂಗಿಂತ ಕಡಿಮೆಯಿದ್ದರೆ ಇಳಿಯಬೇಡಿ. ಎಲ್ಲರೂ ಸೋಪು ಹಚ್ಚಿ ಸ್ನಾನ ಮಾಡಿಯೇ ಒಳಗಿಳಿಯಲಿ. ಮಂಡಿಗೆ ಎಳ್ಳೆಣ್ಣೆ ತಿಕ್ಕಿಕೊಂಡು ಹಾಗೆಯೇ ಬಿಸಿನೀರಿಗೆ ಇಳಿಯುವ ಅಭ್ಯಾಸ ನಮ್ಮ ಹಿರಿಯರಲ್ಲಿ ಇದೆ, ಟಬ್‌ಗೆ ಅದು ಸಲ್ಲದು. ಎಣ್ಣೆ ಒಂದೇ ಸಂಜೆಯಲ್ಲಿ ಕ್ಲೋರಿನ್ನನ್ನೆಲ್ಲ ನುಂಗಿ ಫಿಲ್ಟರಿಗೆ ಜಿಡ್ಡು ಹಿಡಿಸುತ್ತದೆ. ಹೊರಬಂದ ಕೂಡಲೇ ಆ ದಿನದ ಪ್ರಮಾಣ ಹಾಕಿ, ಮುಚ್ಚಳ ತೆರೆದೇ ಇಟ್ಟು ಕಾಲು ಗಂಟೆ ಪಂಪು ಓಡಿಸಿ, ಆಮೇಲೆ ಮುಚ್ಚಿ. ವಾರಕ್ಕೊಮ್ಮೆ ಯಾರೂ ಇಳಿಯದ ರಾತ್ರಿ 10 ಪಿಪಿಎಂವರೆಗೆ ಏರಿಸಿ ಬಿಡಿ, ಮತ್ತೆ ಇಳಿಯುವ ಮುನ್ನ ಅದು ತಗ್ಗಿರುವುದನ್ನು ಖಚಿತಪಡಿಸಿಕೊಳ್ಳಿ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಿರಿ. ಎರಡು ಮೂರು ತಿಂಗಳಿಗೊಮ್ಮೆ ನೀರು ಬದಲಾಯಿಸಿ. ಬದಲಾಯಿಸುವ ಮುನ್ನ ಪೈಪುಗಳೊಳಗಿನ ಲೋಳೆ ಪದರವನ್ನು ಕಳಚುವ ದ್ರಾವಣ ಹಾಕಿ ಪಂಪು ಓಡಿಸಿ. ಆ ಲೋಳೆಯೊಳಗೆ ಅಡಗಿದ ಬ್ಯಾಕ್ಟೀರಿಯಾವನ್ನು ಮೇಲಿನ ನೀರಿನ ಕ್ಲೋರಿನ್ ಮುಟ್ಟಲಾರದು. ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಹೊಸ ಟಬ್‌ಗೂ ಈ ಕೆಲಸ ಮೊದಲಿಗೇ ಆಗಬೇಕು.

ನೀರಿನ ಮೂಲಕ್ಕೆ ಬಂದರೆ, ಹೊಂಗಳ್ಳಿ, ಮೇಳಾಪುರಗಳಿಂದ ಪಂಪಾಗಿ ಬರುವ ಕಾವೇರಿ ನೀರನ್ನೇ ತುಂಬಿ. ಬೋರ್ ನೀರಿನ ಗಡಸುತನ ನಿಮ್ಮ ಗೀಸರ್ ಕಾಯಿಲಿನ ಬಿಳಿ ಪದರದಲ್ಲಿಯೇ ಕಾಣುತ್ತಿರಬಹುದು. ಟಬ್‌ನ ಹೀಟರಿಗೂ ಅದೇ ಗತಿ. ಅದರಲ್ಲಿ ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ಹಾಕಿದೊಡನೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಪಿಎಚ್ ಏರಿದಾಗ ಇಳಿಸಲು ಸೋಡಿಯಂ ಬೈಸಲ್ಫೇಟ್ ಪುಡಿ ಸಾಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಮಾತ್ರ ತರಬೇಡಿ. ಅದು ಹೈಪೋ ಜೊತೆ ತಾಗಿದರೆ ವಿಷಾನಿಲವಾದ ಕ್ಲೋರಿನ್ ಏಳುತ್ತದೆ. ಬೈಸಲ್ಫೇಟ್ ಕೂಡ ಆಮ್ಲವೇ ಆದ್ದರಿಂದ ಎರಡನ್ನೂ ಒಂದೇ ಮಗ್ಗಿನಲ್ಲಿ ಕಲಸಬಾರದು, ಒಂದು ಹಾಕಿ ನೀರು ಚೆನ್ನಾಗಿ ಬೆರೆತ ಮೇಲೆಯೇ ಇನ್ನೊಂದು.

ತಾಯಿಯವರ ವೈದ್ಯರನ್ನು ಒಮ್ಮೆ ಕೇಳಿಕೊಂಡೇ ಆರಂಭಿಸಿ. ಮೊದಮೊದಲು 37 ಡಿಗ್ರಿಯಲ್ಲಿ ಹತ್ತು ನಿಮಿಷ ಸಾಕು, 40 ಡಿಗ್ರಿ ಎಂದೂ ದಾಟಬಾರದು. ಅವರು ಕುಳಿತಾಗ ಜೆಟ್‌ಗಳನ್ನು ಮುಖದ ಕಡೆ ತುಂತುರು ಬಾರದಂತೆ ತಗ್ಗಿಸಿಡಿ. ಐದು ವರ್ಷದೊಳಗಿನ ಮಕ್ಕಳನ್ನು ಹಾಟ್ ಟಬ್‌ಗೆ ಇಳಿಸಬಾರದೆಂದು ಸಿಡಿಸಿ ಹೇಳುತ್ತದೆ, ಯಾವ ಸೋಂಕುನಿವಾರಕ ಹಾಕಿದ್ದರೂ ಅದು ಬದಲಾಗದು. ಮಗಳು ಇನ್ನೊಂದು ವರ್ಷ ಹೊರಗೇ ಇರಲಿ, ಮುಚ್ಚಳಕ್ಕೆ ಬೀಗವಿರಲಿ.

ಆ 5 ಕೆ.ಜಿ. ಟಿಸಿಸಿಎ ಡಬ್ಬವನ್ನು ಅಂಗಡಿಗೆ ಹಿಂದಿರುಗಿಸಲು ನೋಡಿ; ಆಗದಿದ್ದರೆ ಈಜುಕೊಳ ಇರುವವರಿಗೆ ಕೊಡಿ. ಅಲ್ಲಿಯವರೆಗೆ ಒಣಗಿದ, ಗಾಳಿಯಾಡುವ ಜಾಗದಲ್ಲಿಡಿ. ಸಂಪಿಗೆಂದು ಮನೆಯಲ್ಲಿಟ್ಟ ಬ್ಲೀಚಿಂಗ್ ಪೌಡರ್‌ನ ಪಕ್ಕದಲ್ಲಿ ಅದನ್ನು ಇಡಬೇಡಿ, ಒಂದಕ್ಕೆ ಹಾಕಿದ ಚಮಚವನ್ನು ಇನ್ನೊಂದಕ್ಕೆ ಹಾಕಬೇಡಿ. ಅವೆರಡೂ ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು.